ಕೀಲಿಯಿಲ್ಲದ ಗಡಿಯಾರ

ರಿಗ್ಗೈ

ಕುವೈತಿಗೆ ಬಂದಿಳಿದ ಮೊದಲ ಬೆಳಗ್ಗೆಯೇ ನಾನು ನನ್ನ ಕೈಗಡಿಯಾರವನ್ನು ಕೆಡಿಸಿಕೊಂಡೆ. ನಮ್ಮ ಊರಿಗೂ ಆ ದೇಶಕ್ಕೂ ಎರಡೂವರೆ ಗಂಟೆಯ ಅಂತರ. ನನ್ನ ಲೆಕ್ಕದಲ್ಲಿ ಆರೂಕಾಲು ಘಳಿಗೆ. ಮುಳ್ಳನ್ನು ಮುಂದಕ್ಕೆ ಒಂಬತ್ತೂವರೆ ಗಂಟೆ ತಿರುಗಿಸುವುದು ವ್ಯರ್ಥ ಶ್ರಮವೆನ್ನಿಸಿ ಹಿಂದಕ್ಕೆ ಎರಡೂವರೆ ಗಂಟೆ ತಿರುಗಿಸಿದೆ. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ನಾನು ವ್ಯಾಕರಣ ಹೇಳಿಕೊಟ್ಟ ಅಷ್ಟೂ ವರ್ಷ ಜೊತೆಗಿದ್ದ ಗಡಿಯಾರ ಅದು. ಕಿರ್ರೆಂದು ಒಮ್ಮೆ ಗೊಣಗಿ ಸುಮ್ಮನಾಯಿತು. ಕಾಲವನ್ನು ಹಿಂದಕ್ಕೆ ತಿರುಗಿಸಲು ಹೋದವನಿಗೆ ಆಗಬೇಕಾದದ್ದೇ ಆಯಿತು ಎಂದುಕೊಂಡೆ.

ಮಗಳು ವಸುಧಾ ಅಲ್ಲಿ ಬ್ಯಾಂಕಿನಲ್ಲಿದ್ದಾಳೆ. ಅಳಿಯ ಶುಐಬಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮನೆ ರಿಗ್ಗೈನಲ್ಲಿ, ಐದನೆಯ ಅಂತಸ್ತಿನಲ್ಲಿ. ಬಾಲ್ಕನಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಸಂಧ್ಯಾವಂದನೆಗೆ ಕುಳಿತರೆ ಎರಡು ಕಟ್ಟಡಗಳ ನಡುವಿನ ಸಂದಿನಲ್ಲಿ ಸೂರ್ಯ ಬರುತ್ತಿದ್ದ, ಅಂಚೆಯವನು ಗೇಟಿನ ಕಂಬಿಯ ನಡುವೆ ಕಾಗದ ತೂರಿಸಿದ ಹಾಗೆ. ಸಂಕಲ್ಪ ಹೇಳುವಾಗ ಮಾತ್ರ ನಾಲಗೆ ತಡವರಿಸಿತು. ಗೋದಾವರಿಯ ದಕ್ಷಿಣ ತೀರದಲ್ಲಿ ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದವನು ಈ ಮರಳುಗಾಡಿನಲ್ಲಿ ಯಾವ ನದಿಯ ದಂಡೆಯನ್ನು ಹೆಸರಿಸಬೇಕು? 'ಈ ದೇಶದಲ್ಲಿ' ಎಂದಷ್ಟೇ ಹೇಳಿ ಅರ್ಘ್ಯ ಬಿಟ್ಟೆ. ಅದನ್ನು ಸ್ವೀಕರಿಸಿದವನಿಗೆ ದೇಶದ ಹೆಸರು ಬೇಕಿರಲಿಲ್ಲ.

ಮಾಘ ಮಾಸದ ಚಳಿ. ಮರಳುಗಾಡಿನಲ್ಲಿ ಸ್ವೆಟರ್ ಹಾಕಿಕೊಳ್ಳಬೇಕಾದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದಕ್ಕಿಂತ ವಿಚಿತ್ರವೆನ್ನಿಸಿದ್ದು ಬೇರೆ. ಆ ಊರಿನಲ್ಲಿ ಯಾರೂ ನಡೆಯುವುದಿಲ್ಲ. ಬಾಳೆಹಣ್ಣು ತರಲು ಬೀದಿಯ ತುದಿಯ ಅಂಗಡಿಗೆ ಹೊರಟವನ ಪಕ್ಕದಲ್ಲಿ ಮೂರು ಕಾರುಗಳು ನಿಂತವು. ಮೂವರೂ ಕಿಟಕಿ ಇಳಿಸಿ, ಎಲ್ಲಿಗೆ ಬಿಡಲಿ ಎಂದು ಕೈಸನ್ನೆಯಲ್ಲಿ ಕೇಳಿದರು. ಪಂಚೆಯುಟ್ಟ ಮುದುಕ ದಾರಿ ತಪ್ಪಿದ್ದಾನೆ ಎಂಬ ಕರುಣೆ ಮೂವರ ಮುಖದಲ್ಲಿಯೂ ಇತ್ತು. ಮೈಸೂರಿನಲ್ಲಿ ನಡೆಯುವವನನ್ನು ಕಂಡರೆ ವಾಹನದವರಿಗೆ ಬರುವ ಭಾವ ಬೇರೆ ಎಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಬ್ನೇದ್ ಅಲ್ ಗಾರ್

ಮರುದಿನ ಬ್ಯಾಂಕಿಗೆ ರಜೆ ಹಾಕಿದ್ದ ವಸುಧಾ ನನ್ನನ್ನು ಬ್ನೇದ್ ಅಲ್ ಗಾರ್‌ನ ಒಬ್ಬ ಗಡಿಯಾರ ರಿಪೇರಿಯವರ ಬಳಿಗೆ ಕರೆದೊಯ್ದಳು. ವಸತಿ ಕಟ್ಟಡವೊಂದರ ಮೆಟ್ಟಿಲಡಿಯಲ್ಲಿ ನಮ್ಮ ದೇವರಮನೆಯಷ್ಟೇ ಅಗಲದ ಗಾಜಿನ ಗೂಡು. ಅದರೊಳಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದ ಲಾರೆನ್ಸ್ ಎಂಬ ಅರವತ್ತರ ಮನುಷ್ಯ. ಉಡುಪಿ ಕಡೆಯ ಶಿರ್ವದವರು, ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನ ಗಡಿಯಾರದ ಬೆನ್ನು ತೆರೆದು, ಚಿಮಟದ ತುದಿಯಿಂದ ಏನನ್ನೋ ತಟ್ಟಿ, ಎರಡು ನಿಮಿಷದಲ್ಲಿ ಕೈಗಿಟ್ಟರು. ದುಡ್ಡು ಮುಟ್ಟಲಿಲ್ಲ.

"ಮಾಷ್ಟ್ರಿಗೆ ಹಳೆಗನ್ನಡ ಎಲ್ಲ ಓದಲಿಕ್ಕೆ ಬರ್ತದಾ?" ಎಂದು ಕೇಳಿದರು.

ಮೋಡಿ ಅಕ್ಷರದ ಕಡತಗಳನ್ನು ಕೂಡ ಓದಿದ್ದೇನೆ ಎಂದೆ. ಆ ಮಾತಿನಲ್ಲಿ ಸ್ವಲ್ಪ ಜಂಬವಿತ್ತೆಂದು ಈಗ ತೋರುತ್ತದೆ. ಅವರು ಬೀಗ ತೆಗೆದು, ಹತ್ತಿಯ ಮೇಲೆ ಮಲಗಿಸಿದ್ದ ಒಂದು ಜೇಬುಗಡಿಯಾರವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದಿಟ್ಟರು. ನಾವು ಸಾಲಿಗ್ರಾಮವನ್ನು ಎತ್ತುವುದು ಹಾಗೆ.

ಬೆಳ್ಳಿಯ ಕವಚ, ಕೆನೆಬಣ್ಣದ ಮುಖ. ಕೀಲಿ ಕೊಡುವ ತಿರುಪೂ ಇಲ್ಲ, ಬೀಗದಕೈ ಹಾಕುವ ತೂತೂ ಇಲ್ಲ. ಒಳಗೆ ಅರ್ಧಚಂದ್ರಾಕಾರದ ಒಂದು ಹಿತ್ತಾಳೆಯ ತೂಕ; ತೊಟ್ಟವರ ಚಲನೆಗೆ ಅದು ಓಲಾಡಿ ಸ್ಪ್ರಿಂಗನ್ನು ತಾನೇ ಬಿಗಿಯುತ್ತದೆ. ಮಾಡಿದವರು ಹದಿನೆಂಟನೆಯ ಶತಮಾನದ ಒಬ್ಬ ಕುಶಲಕರ್ಮಿ, ಇಂದಿನ ಬೆಲ್ಜಿಯಂನ ಲಿಯೇಜ್ ಪಟ್ಟಣದವರು. ಅವರ ಕಾಲಕ್ಕೆ ಬೆಲ್ಜಿಯಂ ಎಂಬ ದೇಶವೇ ಇರಲಿಲ್ಲ. ತಗಡಿನ ಮೇಲೆ ಅವರ ಹೆಸರಿನ ಮೊದಲಕ್ಷರವೂ ಊರಿನ ಹೆಸರೂ ಮಾತ್ರ ಉಳಿದಿವೆ. ಪೂರ್ಣ ಹೆಸರನ್ನು ಲಾರೆನ್ಸ್ ಮೂರು ಸಲ ಹೇಳಿಕೊಟ್ಟರು, ನಾನು ಮೂರು ಸಲವೂ ಕೆಡಿಸಿದೆ. ನಕ್ಕುಬಿಟ್ಟರು. ಆದ್ದರಿಂದ ಇಲ್ಲಿ ಅವರನ್ನು ಲಿಯೇಜಿನವರು ಎಂದೇ ಕರೆಯುತ್ತೇನೆ.

ಎರಡು ವರ್ಷ ಈ ಗಡಿಯಾರದೊಂದಿಗೆ ಗುದ್ದಾಡಿದ ಲಾರೆನ್ಸ್, ಅದನ್ನು ಮಾಡಿದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದರು. ತಮ್ಮ ಸೋದರಮಾವನ ವಿಷಯ ಹೇಳುವ ಸಲಿಗೆಯಲ್ಲಿ ಹೇಳಿದರು. ಲಿಯೇಜಿನವರು ಬಾಲ್ಯದಲ್ಲಿ ಬಂಧುವೊಬ್ಬರ ಅಂಗಡಿಯಲ್ಲಿ ಕೆಲಸ ಕಲಿತರಂತೆ. ಆ ಪಟ್ಟಣಕ್ಕೆ ಬಿಷಪರೇ ರಾಜರು. ಅವರ ಆಸ್ಥಾನಕ್ಕೆ ಇವರು ಗಡಿಯಾರದವರಾದರು. ಹಲವು ಊರುಗಳ ವೇಳೆಯನ್ನು ಒಟ್ಟಿಗೆ ತೋರಿಸುವ ಎತ್ತರದ ಗಡಿಯಾರಗಳನ್ನು ಮಾಡಿದರು. ನಡಿಗೆಯಿಂದ ತಾನೇ ಕೀಲಿ ಕೊಟ್ಟುಕೊಳ್ಳುವ ಈ ಯಂತ್ರದ ನಕ್ಷೆಯನ್ನು ಪ್ಯಾರಿಸಿನ ವಿದ್ವಾಂಸರಿಗೆ ಕಳುಹಿಸಿದಾಗ ಅವರು ಮೆಚ್ಚಿ ಬರೆದರಂತೆ. ಆದರೆ ಕೊಂಡವರು ಕಡಿಮೆ. ಬಳಿಕ ಕ್ರಾಂತಿಯಾಯಿತು; ರಾಜರೂ ಹೋದರು, ಗಿರಾಕಿಗಳೂ ಹೋದರು. ಮುಪ್ಪಿನಲ್ಲಿ ಬಡತನ. ಈ ಯಂತ್ರವನ್ನು ಕಂಡುಹಿಡಿದ ಹೆಸರು ಬೇರೆಯವರಿಗೆ ಹೋಯಿತು.

"ಅಷ್ಟು ಕೆಲಸ ಮಾಡಿದವರು, ಕಡೆಗೆ ಯಾರೂ ಕೇಳುವವರಿಲ್ಲ," ಎಂದು ಹೇಳಿ ಲಾರೆನ್ಸ್ ಗಡಿಯಾರದ ಗಾಜನ್ನು ಬಟ್ಟೆಯಿಂದ ಒರೆಸಿದರು. ಅದು ಆಗಲೇ ಶುಭ್ರವಾಗಿತ್ತು.

ಈಗಿನ ಒಡೆಯರು ಅಬು ಸಾಲೆಂ ಎಂಬ ಕುವೈತಿ ಹಿರಿಯರು. ಅವರ ಅಜ್ಜ ಹಾಯಿಹಡಗಿನ ನಾಯಕರು. ಖರ್ಜೂರ ಹೊತ್ತು ಮಂಗಳೂರಿಗೆ ಹೋಗಿ, ಹೆಂಚು, ಮರ, ತೆಂಗಿನ ಹಗ್ಗ ತುಂಬಿಕೊಂಡು ಬರುತ್ತಿದ್ದವರು. ಗಡಿಯಾರವನ್ನು ಕೊಂಡದ್ದು ಮಂಗಳೂರಿನಲ್ಲಿ. ಅಜ್ಜ ಬದುಕಿದ್ದಷ್ಟು ದಿನ ಅದು ನಡೆದಿತ್ತು. ಆಮೇಲೆ ಯಾರ ಕೈಯಲ್ಲಿಯೂ ನಡೆಯಲಿಲ್ಲ. ಲಾರೆನ್ಸ್ ಅದನ್ನು ಬಿಚ್ಚಿ ತೊಳೆದು, ಸವೆದ ಹಲ್ಲುಗಳನ್ನು ಹೊಸದಾಗಿ ಕಡೆದು, ಕೈಗಡಿಯಾರಗಳನ್ನು ತಿರುಗಿಸುವ ವಿದ್ಯುತ್ ಪೆಟ್ಟಿಗೆಯಲ್ಲಿ ದಿನಗಟ್ಟಲೆ ತಿರುಗಿಸಿದ್ದರು. ಒಂದು ಗಂಟೆ ನಡೆದು ನಿಂತುಬಿಡುತ್ತಿತ್ತು.

"ಈ ಶುಕ್ರವಾರ ನಂದು ಫ್ಲೈಟ್, ಮಾಷ್ಟ್ರೇ. ಇಕಾಮಾ ಅಂತ ಇಲ್ಲಿ ಇರುವ ಪರ್ಮಿಟ್ ಮುಗೀತು, ಊರಿಗೆ ಹೊರಟದ್ದೇ. ನಾನು ಇರುವವರೆಗೆ ಅಂತ ಅಬು ಸಾಲೆಂ ಕಾದಿದ್ದಾರೆ. ಆಮೇಲೆ ಅವರ ಮನೆಯವರು ಇದರ ಹೊಟ್ಟೆ ಬಗೆದು ಒಳಗೆ ಬ್ಯಾಟರಿ ಇಡ್ತಾರಂತೆ, ಶೋಕೇಸಿಗೆ. ಅಲ್ಲಿಗೆ ಖಲಾಸ್."

ಕವಚದೊಳಗೆ ವೃತ್ತಾಕಾರದ ಒಂದು ಕಾಗದವಿದೆ, ಕನ್ನಡ ಬರಹದಂತೆ ಕಾಣುತ್ತದೆ, ಅಕ್ಷರ ಕೂಡಿಕೊಂಡು ಮಾಸಿಹೋಗಿ ತಮಗೆ ಓದಲಾಗಲಿಲ್ಲ ಎಂದರು. ಅಬು ಸಾಲೆಂ ಅದನ್ನು ತಾಯತವೆಂದು ನಂಬಿದ್ದರಿಂದ ತಮ್ಮ ಕಣ್ಣೆದುರಿನಲ್ಲದೆ ತೆಗೆಯಬಾರದೆಂದು ಅಪ್ಪಣೆ. ಆ ದಿನ ಮಂಗಳವಾರ. ಸಂಜೆ ಅವರ ದೀವಾನಿಯಾಕ್ಕೆ ಬರಬಹುದೇ ಎಂದು ಲಾರೆನ್ಸ್ ಕೇಳಿದರು. ಒಪ್ಪಿದೆ.

ದೀವಾನಿಯಾ

ದೀವಾನಿಯಾ ಎಂದರೆ ಮನೆಗೆ ಹೊಂದಿಕೊಂಡ ಗಂಡಸರ ಬೈಠಕ್ಕಿನ ಕೋಣೆ. ನಾಲ್ಕು ಗೋಡೆಗೂ ಒರಗುದಿಂಬು, ನಡುವೆ ಖಾಲಿ. ಅಬು ಸಾಲೆಂ ಎಂಬತ್ತು ದಾಟಿದವರು. ಕುಳಿತಲ್ಲಿಂದಲೇ ಎದೆಗೆ ಕೈಯಿಟ್ಟು ಬರಮಾಡಿಕೊಂಡರು. ಮಂಡಿ ನೋವಿನಿಂದ ಎದ್ದು ನಡೆಯುವುದನ್ನು ಬಿಟ್ಟಿದ್ದಾರೆ, ಡಾಕ್ಟರರ ಮಾತನ್ನೂ ಕೇಳುವುದಿಲ್ಲ ಎಂದು ಲಾರೆನ್ಸ್ ಮೊದಲೇ ತಿಳಿಸಿದ್ದರು. ಬಾಲ್ಯದಲ್ಲಿ ತಂದೆಯೊಂದಿಗೆ ಮುಂಬಯಿಯಲ್ಲಿದ್ದವರಾದ್ದರಿಂದ ಅವರಿಗೆ ಹಿಂದಿ ಬರುತ್ತಿತ್ತು. ಲಿಂಗ ವಚನಗಳ ಗೊಡವೆಯಿಲ್ಲದ, ಬಹು ಮಧುರವಾದ ಹಿಂದಿ. ನನ್ನ ಪಂಚೆಯನ್ನು ನೋಡಿ ಕಣ್ಣರಳಿಸಿ, ತಮ್ಮ ಅಜ್ಜ ಹಡಗಿನ ಮೇಲೆ ಉಡುತ್ತಿದ್ದದ್ದೂ ಇದನ್ನೇ, ನಾವು ವಿಜಾರ್ ಎನ್ನುತ್ತೇವೆ ಎಂದರು.

ಹೊರಗೆ ಬೇಯಿಸಿದ್ದನ್ನು ನಾನು ತಿನ್ನುವುದಿಲ್ಲ. ಹಣ್ಣಿಗೆ ದೋಷವಿಲ್ಲವೆಂದು ಖರ್ಜೂರ ತೆಗೆದುಕೊಂಡೆ. ಕಾಫಿಯನ್ನು ಮಾತ್ರ ಉಪಚಾರಕ್ಕೆ ಒಪ್ಪಿದೆ. ಏಲಕ್ಕಿಯ ಪರಿಮಳದ, ಬೇವಿನಷ್ಟು ಕಹಿಯಾದ ಕಾಫಿ. ಬಟ್ಟಲು ಬರಿದಾದಂತೆಲ್ಲ ಬಡಿಸುವವನು ಮತ್ತೆ ತುಂಬಿದ. ಬೇಡವೆನ್ನಲು ಸಂಕೋಚ, ಬಿಡಲು ಸಂಕೋಚ. ಐದನೆಯ ಬಟ್ಟಲಿಗೆ ಲಾರೆನ್ಸ್ ನನ್ನ ಕಿವಿಯಲ್ಲಿ, "ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಿ ಮಾಷ್ಟ್ರೇ, ಇಲ್ಲದಿದ್ದರೆ ಬೆಳಗಿನವರೆಗೆ ಕುಡಿಸ್ತಾರೆ," ಎಂದರು. ಅಲ್ಲಾಡಿಸಿದೆ. ಬಡಿಸುವವನು ನಕ್ಕು ಹಿಂದೆ ಸರಿದ.

ಆಮೇಲೆ ಕಾಗದವನ್ನು ತೆಗೆದರು. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಚಹದ ಬಣ್ಣಕ್ಕೆ ತಿರುಗಿತ್ತು. ಯಾರೋ ಮಂಗಳೂರಿನ ರಿಪೇರಿಯವರ ಕೈಬರಹವಿರಬೇಕು. ಲಾರೆನ್ಸರ ಭೂತಗನ್ನಡಿಯನ್ನು ಹಿಡಿದು ಅಕ್ಷರಕ್ಕೆ ಅಕ್ಷರ ಬಿಡಿಸಿದೆ. ಎರಡೇ ಸಾಲು: 'ನಡೆದಂತೆ ನಡೆವುದು. ಮಲಗಿಸಬೇಡಿ.'

ನನ್ನ ಮೈ ನವಿರೆದ್ದಿತು. ಸಮುದ್ರದಾಚೆ, ಅರಬ್ಬರ ಮನೆಯಲ್ಲಿ, ಬೆಳ್ಳಿಯ ಕರಡಿಗೆಯಂತಹ ಕವಚದೊಳಗೆ ಕನ್ನಡದ ಒಂದು ಉಪದೇಶ! ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ನಡೆ ಎಂದರೆ ಆಚಾರ, ಶೀಲ. ಮನುಷ್ಯನ ನಡತೆ ಹೇಗೋ ಅವನ ಕಾಲವೂ ಹಾಗೆಯೇ ಸಾಗುವುದು. ಆದ್ದರಿಂದ ಒಳಗಿನ ಅರಿವನ್ನು ಮಲಗಲು ಬಿಡಬೇಡಿ ಎಂದು ಅರ್ಧ ಗಂಟೆ ವ್ಯಾಖ್ಯಾನ ಮಾಡಿದೆ. ನನ್ನ ತೊಡಕು ಹಿಂದಿಯನ್ನು ಲಾರೆನ್ಸ್ ಅಲ್ಲಲ್ಲಿ ಸರಿಪಡಿಸಿದರು. ಅಬು ಸಾಲೆಂ ಕಣ್ಣು ಮುಚ್ಚಿ ಕೇಳಿದರು. ಕಡೆಗೆ ಕಣ್ಣೊರೆಸಿಕೊಂಡು, ಉಸ್ತಾದರು ಅಜ್ಜನ ಮಾತನ್ನು ಕೇಳಿಸಿದರು, ಇದನ್ನು ಚೌಕಟ್ಟು ಹಾಕಿಸಿ ಅಜ್ಜನ ಚಿತ್ರದ ಪಕ್ಕದಲ್ಲಿ ಇಡುತ್ತೇನೆ ಎಂದರು. ಗಡಿಯಾರ ನಡೆಯದಿದ್ದರೂ ಚಿಂತೆಯಿಲ್ಲ, ಮಾತು ಸಿಕ್ಕಿತಲ್ಲ. ಶುಕ್ರವಾರದ ನಂತರ ಮಕ್ಕಳು ತಮಗೆ ಬೇಕಾದಂತೆ ಮಾಡಿಕೊಳ್ಳಲಿ ಎಂದೂ ಸೇರಿಸಿದರು.

ಹೊರಗೆ ಬಂದಾಗ ಲಾರೆನ್ಸ್ ನನ್ನ ಕೈಹಿಡಿದು ಮೆಟ್ಟಿಲಿಳಿಸಿದರು. ಒಳ್ಳೆಯ ಮಾತು ಹೇಳಿದಿರಿ ಎಂದರು. ಅವರ ಮುಖ ಮಾತ್ರ ಬಾಡಿತ್ತು. ನಾನು ಅದನ್ನು ಆಯಾಸವೆಂದು ತಿಳಿದೆ.

ಶುಐಬಾ ದಾರಿಯಲ್ಲಿ

ಬುಧವಾರ ಮಧ್ಯಾಹ್ನ ಅಳಿಯನನ್ನು ಕರೆತರಲು ವಸುಧಾ ಶುಐಬಾಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಎಡಗಡೆ ಬೂದುನೀಲಿಯ ಕಡಲು, ಬಲಗಡೆ ಬೂದುಹಳದಿಯ ಮರಳು. ದೂರದಲ್ಲಿ ಕಾರ್ಖಾನೆಯ ಕೊಳವೆಗಳ ತುದಿಯಲ್ಲಿ ಜ್ವಾಲೆ ಉರಿಯುತ್ತಿತ್ತು. ನಾನು ಅದನ್ನು ನಿತ್ಯಾಗ್ನಿ ಎಂದೆ. ಅದು ವೇಸ್ಟ್ ಗ್ಯಾಸ್ ಅಪ್ಪ ಎಂದಳು. ಗಾಡಿಯ ಜೋಂಪಿನಲ್ಲಿ ನನಗೆ ಕಣ್ಣು ಎಳೆಯುತ್ತಿತ್ತು. ಆಗ ಅವಳು ಏನನ್ನೋ ನೆನೆದು ಕೇಳಿದಳು:

"ಅಪ್ಪ, ನಿಮ್ಮ ವಾಚು ಆಮೇಲೆ ತೊಂದರೆ ಕೊಡಲಿಲ್ವಲ್ಲ?"

"ಇಲ್ಲಮ್ಮ. ಚೆನ್ನಾಗಿ ನಡೀತಿದೆ."

ಬಾಯಿಂದ ಹೊರಬಿದ್ದ ಮಾತು ನನ್ನ ಕಿವಿಗೇ ಬಿದ್ದು ಜೋಂಪು ಹಾರಿಹೋಯಿತು. ನಡೀತಿದೆ. ಗಡಿಯಾರ ನಡೆಯುತ್ತದೆ, ಮನುಷ್ಯನೂ ನಡೆಯುತ್ತಾನೆ. ಒಂದು ನಡೆ ಒಡೆಯನದು, ಮತ್ತೊಂದು ನಡೆ ಗಡಿಯಾರದ್ದು. ನೀವು ನಡೆದರೆ ಇದು ನಡೆಯುತ್ತದೆ, ಇದನ್ನು ಮಲಗಿಸಬೇಡಿ. ಆ ಮಂಗಳೂರಿನವನು ಗಿರಾಕಿಗೆ ಬರೆದುಕೊಟ್ಟ ಚೀಟಿ ಅದು. ಔಷಧಿಯ ಪೊಟ್ಟಣದ ಮೇಲೆ 'ಊಟವಾದ ಮೇಲೆ' ಎಂದು ಬರೆದಂತೆ. ನಾನು ಅದರಲ್ಲಿ ಧರ್ಮಶಾಸ್ತ್ರ ಹುಡುಕಿದ್ದೆ.

ಮಗಳಿಗೆ ಹೇಳಿದೆ. ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅರ್ಧ ಗಂಟೆ ಭಾಷಣ ಮಾಡಿದ್ರಾ ಅಪ್ಪ? ಆ ಚೀಟಿಗೆ?"

ವಿದ್ಯಾರ್ಥಿಗಳ ತಪ್ಪನ್ನು ತಿದ್ದಿದವನಿಗೆ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಅಭ್ಯಾಸ ಕಡಿಮೆ. ಆದರೆ ಉಳಿದಿದ್ದದ್ದು ಒಂದೇ ದಿನ. ಅಲ್ಲಿಂದಲೇ ಲಾರೆನ್ಸರಿಗೆ ಫೋನ್ ಮಾಡಿಸಿದೆ. ಅವರು, "ನನಗೂ ನಿನ್ನೆಯೇ ಸಣ್ಣ ಡೌಟ್ ಇತ್ತು ಮಾಷ್ಟ್ರೇ. ನಿಮ್ಮಂಥವರು ಹೇಳುವಾಗ ನಡುವೆ ಹೇಗೆ ಬಾಯಿ ಹಾಕುವುದು?" ಎಂದರು.

ಆ ಮಾತು ನಗುವಿಗಿಂತ ಆಳಕ್ಕೆ ಇಳಿಯಿತು.

ಕಡಲ ದಂಡೆ

ಗುರುವಾರ ಬೆಳಗ್ಗೆ ಬ್ನೇದ್ ಅಲ್ ಗಾರ್‌ನ ಎದುರಿನ ಕಡಲ ದಂಡೆಯಲ್ಲಿ ಮಂಜು ಕವಿದಿತ್ತು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿನೊಳಗೆ ಮುಳುಗುವುದನ್ನು ಕಂಡವನು ನಾನು. ಇಲ್ಲಿ ಅವನು ಕಡಲಿನ ಕಡೆಯಿಂದ ಬರುವವನಿದ್ದ. ನೀರಿನ ಅಂಚಿನಲ್ಲಿ ಅರ್ಘ್ಯ ಬಿಟ್ಟು ಜಪ ಮುಗಿಸುವ ವೇಳೆಗೆ, ಫೋನಿನಲ್ಲಿ ಮಾತಾಡಿಕೊಂಡಂತೆ, ಲಾರೆನ್ಸ್ ಗಡಿಯಾರ ಹಿಡಿದು ಬಂದರು. ಮೊದಲು ತಾವೇ ಗಡಿಯಾರವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕಾಲು ಗಂಟೆ ನಡೆದರು. ಅದು ಜೇಬಿನ ತಳದಲ್ಲಿ ಅಂಗಾತ ಮಲಗಿತ್ತು. ಸದ್ದಿಲ್ಲ.

"ಇದಕ್ಕೆ ನೆಟ್ಟಗೆ ನಿಲ್ಲಬೇಕು. ಹೆಜ್ಜೆಯ ಕುಲುಕು ತಾಗಬೇಕು," ಎಂದು ತಮ್ಮೊಳಗೇ ಹೇಳಿಕೊಂಡು ನನ್ನ ಪಂಚೆಯನ್ನು ನೋಡಿದರು. "ನಾನು ಎರಡು ವರ್ಷ ಇದನ್ನು ಪೆಟ್ಟಿಗೆಯಲ್ಲಿ ಹಾಕಿ ತೊಟ್ಟಿಲು ತೂಗಿದೆ, ಮಾಷ್ಟ್ರೇ. ಮಲಗಿಸಬೇಡಿ ಅಂತ ಬರೆದದ್ದು ಇದರ ಹೊಟ್ಟೆಯೊಳಗೇ ಇತ್ತು."

ಪಂಚೆಯ ಸೊಂಟದ ಮಡಿಕೆಯನ್ನು ಬಿಗಿಯಾಗಿ ಸುತ್ತಿ ಅದರೊಳಗೆ ಗಡಿಯಾರವನ್ನು ನೆಟ್ಟಗೆ ಸಿಕ್ಕಿಸಿಕೊಂಡೆ. ನನ್ನ ತಂದೆ ನಶ್ಯದ ಡಬ್ಬಿಯನ್ನು ಇಟ್ಟುಕೊಳ್ಳುತ್ತಿದ್ದ ಜಾಗ. ನಡೆಯತೊಡಗಿದೆ. ಲಾರೆನ್ಸ್ ಎರಡು ಹೆಜ್ಜೆ ಹಿಂದೆ, ತೇರಿನ ಗಾಲಿಗೆ ಕಾವಲಿರುವವರ ಹಾಗೆ.

ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವ ನಡಿಗೆ ಬಿಟ್ಟು ಬೇರೆ ನಡಿಗೆ ನನಗೆ ತಿಳಿಯದು. ಅದೇ ಲಯದಲ್ಲಿ, ತುಟಿಯಲ್ಲಿ ನಾಮಸ್ಮರಣೆಯಿಟ್ಟುಕೊಂಡು ನಡೆದೆ. ಮಂಜಿನಲ್ಲಿ ದಂಡೆಯ ಕಂಬಿ ಕಂಡು ಕಾಣದಂತಿತ್ತು. ಎದುರಿನ ಎತ್ತರದ ಕಟ್ಟಡಗಳು ಕರಗಿಹೋಗಿದ್ದವು. ಅಲೆಯ ಸದ್ದೂ ಯಾರೋ ಪಕ್ಕದ ಕೋಣೆಯಲ್ಲಿ ಮಡಿಸೀರೆ ಕೊಡವಿದಷ್ಟು ಮಾತ್ರ. ಯಾವ ದೇಶ, ಯಾವ ಶತಮಾನ ಎಂಬುದು ನಿಧಾನವಾಗಿ ನನ್ನಿಂದ ಕಳಚಿತು. ಅದು ಕಡಲಲ್ಲ, ಲಿಯೇಜಿನ ನದಿ ಎಂದು ತೋರಿತು. ಕಲ್ಲಿದ್ದಲಿನ ಹೊಗೆ ಬೆರೆತ ಬೆಳಗಿನ ಮಂಜು, ದೂರದ ಇಗರ್ಜಿಯ ಘಂಟೆ. ದಂಡೆಗುಂಟ ಒಬ್ಬ ಮನುಷ್ಯ ಸೊಂಟದ ಜೇಬಿನ ಮೇಲೆ ಅಂಗೈಯಿಟ್ಟುಕೊಂಡು ನಡೆಯುತ್ತಿದ್ದಾನೆ. ನಡೆದು, ನಿಂತು, ಕಿವಿಗೊಟ್ಟು, ಮತ್ತೆ ನಡೆಯುತ್ತಾನೆ. ಕೆಲಸಕ್ಕೆ ಹೋಗುವವರು, ಅಂಗಡಿ ಮುಚ್ಚಿ ಅಲೆಯುತ್ತಾನಲ್ಲ ಎಂದು ನಗುತ್ತಾರೆ. ಅವನ ಕೆಲಸವೇ ಅದು ಎಂದು ಅವರಿಗೆ ತಿಳಿಯದು. ಎಷ್ಟು ಹೆಜ್ಜೆಗೆ ಎಷ್ಟು ಹೊತ್ತು ಎಂದು ತನ್ನ ಕಾಲಿನಿಂದಲೇ ಅವನು ಅಳೆಯುತ್ತಿದ್ದಾನೆ. ಅವನ ಪಕ್ಕದಲ್ಲಿ ನಾನೂ ನಡೆದೆ. ಮಾತಿಲ್ಲ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಹೆಜ್ಜೆ ಮಾತ್ರ ಕೂಡುತ್ತಿತ್ತು. ರಾಜನೂ ಹೋಗಿ ಹೆಸರೂ ಹೋದ ಮೇಲೆಯೂ ಅವನು ಹೀಗೆಯೇ ನಡೆಯುತ್ತಿದ್ದಿರಬೇಕು ಎನ್ನಿಸಿತು.

ಎಷ್ಟು ದೂರ ಬಂದೆನೋ ತಿಳಿಯದು. ಸೊಂಟದ ಬಳಿ ಏನೋ ಮಿಡಿಯಿತು. ಅಂಗೈಯಲ್ಲಿ ಹಿಡಿದ ಗುಬ್ಬಚ್ಚಿಯ ಎದೆಯಂತೆ ಬಲು ಸಣ್ಣಗೆ, ಬಿಡದೆ. ನಾನು ನಿಂತೆ. ಅದು ನಿಲ್ಲಲಿಲ್ಲ.

ಲಾರೆನ್ಸ್ ಬಂದು ಗಡಿಯಾರವನ್ನು ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಹಣೆಯಿಂದ ಎದೆಗೆ, ಭುಜದಿಂದ ಭುಜಕ್ಕೆ ಶಿಲುಬೆಯ ಗುರುತು ಮಾಡಿಕೊಂಡು, ಕೊಂಕಣಿಯಲ್ಲಿ ಏನೋ ಹೇಳಿದರು. ನಾನು ಅರ್ಥ ಕೇಳಲಿಲ್ಲ. ಮಂಜಿನ ಹಿಂದೆ ಬಿಸಿಲು ಹಾಲಿನಂತೆ ತಿಳಿಯಾಗುತ್ತಿತ್ತು.

ಮತ್ತೆ ದೀವಾನಿಯಾ

ಸಂಜೆಯವರೆಗೂ ಅದು ನಡೆಯಿತು. ದೀವಾನಿಯಾದಲ್ಲಿ ಚೌಕಟ್ಟು ಹಾಕಿದ ಕಾಗದ ಆಗಲೇ ಗೋಡೆಗೇರಿತ್ತು. ಅದರ ಕೆಳಗೆ ನಿಂತು, ಮೊನ್ನೆ ನಾನು ಹೇಳಿದ ಅರ್ಥ ತಪ್ಪು ಎಂದು ಒಪ್ಪಿಕೊಂಡೆ. ಇದು ನಿಮ್ಮ ಅಜ್ಜನಿಗೆ ರಿಪೇರಿಯವನು ಹೇಳಿದ ಮಾತು, ಸೊಂಟಕ್ಕೆ ಸಿಕ್ಕಿಸಿ ನಡೆಯಿರಿ ಎಂದಷ್ಟೇ ಎಂದೆ. ಲಾರೆನ್ಸ್ ಗಡಿಯಾರವನ್ನು ಅಬು ಸಾಲೆಂರ ಅಂಗೈಯಲ್ಲಿಟ್ಟರು. ಅವರು ಅದನ್ನು ಕಿವಿಗೆ ತಂದರು. ಮುದುಕರ ಮುಖದಲ್ಲಿ ಒಬ್ಬ ಮೊಮ್ಮಗ ಕಾಣಿಸಿಕೊಂಡ.

ಅಜ್ಜ ದಿನವೂ ಹಡಗುಕಟ್ಟೆಯ ಉದ್ದಕ್ಕೆ ಹೋಗಿ ಬರುತ್ತಿದ್ದರು, ಕೈ ಯಾವಾಗಲೂ ಸೊಂಟದ ಮೇಲಿರುತ್ತಿತ್ತು, ನೋವಿರಬೇಕೆಂದು ನಾವು ತಿಳಿದಿದ್ದೆವು ಎಂದರು.

"ಆದರೆ ಇದನ್ನು ಇಟ್ಟುಬಿಟ್ಟರೆ ಮತ್ತೆ ನಿಲ್ಲುತ್ತದೆ, ಅಲ್ಲವೇ ಲಾರೆನ್ಸ್ ಭಾಯಿ?" ಎಂದು ಹಿಂದಿಯಲ್ಲಿ ಕೇಳಿದರು.

"ನಿಲ್ಲುತ್ತದೆ. ಬ್ಯಾಟರಿ ಹಾಕಿದರೆ ನಿಲ್ಲುವುದಿಲ್ಲ. ನಿಮ್ಮಿಷ್ಟ," ಎಂದರು ಲಾರೆನ್ಸ್. ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದನ್ನು ನಾನು ಬಲ್ಲೆ.

ಅಬು ಸಾಲೆಂ ಒಳಗಿನವರಿಗೆ ಅರಬ್ಬಿಯಲ್ಲಿ ಏನೋ ಹೇಳಿ ಕಳುಹಿಸಿದರು. ಹಳೆಯ ಪೆಟ್ಟಿಗೆಯ ವಾಸನೆ ಹೊತ್ತ ಒಂದು ಚೌಕುಳಿ ವಿಜಾರ್ ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಗಡಿಯಾರವನ್ನು ಇಟ್ಟುಕೊಂಡು ಕುಳಿತರು. ನಾವು ಬೀಳ್ಕೊಂಡಾಗಲೂ ಹಾಗೆಯೇ ಕುಳಿತಿದ್ದರು. ಎದ್ದಾರೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮರುದಿನ ಲಾರೆನ್ಸ್ ಕೈಚೀಲವೊಂದನ್ನು ಹಿಡಿದು ಊರಿಗೆ ಹಾರಿದರು.

ಮೈಸೂರು

ಊರಿಗೆ ಮರಳಿ ಒಂದು ತಿಂಗಳಾಗಿತ್ತು. ಬೆಳಗಿನ ಪೂಜೆ ಮುಗಿಸಿ ತುಳಸಿಕಟ್ಟೆಯ ಸುತ್ತ ಪ್ರದಕ್ಷಿಣೆ ಬರುತ್ತಿದ್ದೆ. ಸೊಂಟದಲ್ಲಿ ಏನೂ ಇಲ್ಲದಿದ್ದರೂ ಕೈ ತಾನಾಗಿಯೇ ಅಲ್ಲಿಗೆ ಹೋಗುವ ಹೊಸ ರೂಢಿಯೊಂದು ಬಂದಿದೆ. ಫೋನ್ ಬಡಿಯಿತು. ದೂರದ, ಏದುಸಿರಿನ ದನಿ. ಸಲಾಂ ಉಸ್ತಾದ್ ಎಂದ ಮೇಲೆ ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಅದರ ಹಿಂದೆ ಅಲೆಯ ಸದ್ದು.

"ಚಲ್ತಾ ಹೈ," ಎಂದರು ಅಬು ಸಾಲೆಂ. ನಡೀತಿದೆ.

ನಲವತ್ತು ವರ್ಷ ವ್ಯಾಕರಣ ಪಾಠ ಹೇಳಿದವನು ನಾನು. ಕ್ರಿಯಾಪದವೊಂದು ಕಿವಿಗೆ ಬಿದ್ದರೆ ಅದರ ಕರ್ತೃ ಯಾವುದೆಂದು ಕೇಳದೆ ಬಿಟ್ಟವನಲ್ಲ. ಅಂದು ಕೇಳಲಿಲ್ಲ. ಪ್ರದಕ್ಷಿಣೆ ಇನ್ನೂ ಮುಗಿದಿರಲಿಲ್ಲ. ಫೋನನ್ನು ಕಿವಿಯಲ್ಲಿಯೇ ಹಿಡಿದುಕೊಂಡು, ಅತ್ತಲಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದೆ.